ಶಿವಾಲಿಕದ ಅಸ್ಥಿಗಳೂ ಮಾನವನ ವಂಶಚರಿತ್ರೆಯೂ

೧

ಚರಿತ್ರೆಯು ಬರವಣಿಗೆಯಿಂದಲೇ ಮೊದಲಾಗತಕ್ಕದ್ದೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಭಾವನೆ. ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಯ ಗ್ರಂಥ ಇವು ಎಷ್ಟು ದೂರ ಬೆಳಕು ತೋರುವುವೋ ಅಷ್ಟು ದೂರ ಚರಿತ್ರಕಾರನು ಧೈರ್ಯದಿಂದ ನಡೆಯುವನು. ಅವು ನಿಂತ ಕಡೆಯಲ್ಲಿ ತಾನೂ ನಿಲ್ಲುವನು. ಕನ್ನಡ ಭಾಷೆಯ ಶಾಸನಗಳನ್ನು ಹಿಡಿದು ಹಿಂದಕ್ಕೆ ಹೋದರೆ ಹಲ್ಮಿಡಿಯವರೆಗೆ, ಅಂದರೆ ಸುಮಾರು ೧೫೦೦ ವರ್ಷಗಳ ದೂರ ಹೋಗಬಹುದು. ಮಸ್ಕಿ, ಬ್ರಹ್ಮಗಿರಿಗಳಲ್ಲಿರುವ ಅಶೋಕನ ಪ್ರಾಕೃತ ಶಾಸನಗಳನ್ನು ಸೇರಿಸಿಕೊಂಡರೆ ಇನ್ನೂ ಏಳು ಶತಮಾನಗಳಷ್ಟು ಹಿಂದೆ ಸರಿಯಬಹುದು. ಅದರಾಚೆಗೆ ಈ ನಾಡಿನಲ್ಲಿ ನಾವು ಓದಬಲ್ಲ ಅಕ್ಷರವಿಲ್ಲ. ಆದರೆ ಅಕ್ಷರವಿಲ್ಲದ ಕಾಲದಲ್ಲಿ ಮನುಷ್ಯನೇ ಇರಲಿಲ್ಲವೆಂದು ಯಾರೂ ಹೇಳಲಾರರು. ಆ ಕಾಲದ ವೃತ್ತಾಂತವನ್ನು ತಿಳಿಯುವ ಬಗೆ ಯಾವುದು? ಮನುಷ್ಯನೇ ಇಲ್ಲದಿದ್ದ ಇನ್ನೂ ಹಿಂದಿನ ಕಾಲದಲ್ಲಿ ಈ ನೆಲದ ಮೇಲೆ ಯಾವ ಪ್ರಾಣಿಗಳು ಸಂಚರಿಸುತ್ತಿದ್ದುವೆಂಬುದನ್ನು ಯಾರಿಂದ ಕೇಳಿ ತಿಳಿಯೋಣ?

ಇದಕ್ಕೆ ಉತ್ತರ ಹೇಳುವ ಸಾಕ್ಷಿಗಳು ನೆಲದೊಳಗೆ ಹುದುಗಿಕೊಂಡಿರುವ ಎಲುಬು ಹಲ್ಲುಗಳು. ಸತ್ತ ಪ್ರಾಣಿಯ ಎಲುಬು ಹೊಳೆಯ ಮಣ್ಣಿನಲ್ಲಿ ಬೇಗನೆ ಮುಚ್ಚಿಹೋದರೆ, ಅದು ಗಾಳಿಗೂ ನರಿನಾಯಿಗಳಿಗೂ ಸಿಕ್ಕದೆ ಉಳಿಯುವುದುಂಟು. ಅನಂತರ ನೆಲದೊಳಗೆ ಇಳಿಯುವ ನೀರಿನಲ್ಲಿ ಕರಗಿರುವ ಸುಣ್ಣ, ಕಬ್ಬಿಣ, ಮರಳುಕಲ್ಲಿನ ಸತ್ತ್ವ ಮುಂತಾದುವು ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಂಡು ಬಹುಕಾಲಕ್ಕೆ ಅದನ್ನು ಕಲ್ಲಾಗಿ ಮಾಡುವುವು. ಇದನ್ನೇ ಪಳೆಯುಳಿಕೆಯೆಂದು ಕರೆಯುವರು. ಸಾವಿರಾರು ಪ್ರಾಣಿಗಳು ಸತ್ತರೆ ಎಲ್ಲಿಯೋ ಒಂದರ ಎಲುಬಿಗೆ ಈ ಭಾಗ್ಯ ಬರುವುದು. ಹಾಗೆ ಉಳಿದುವುಗಳಲ್ಲಿಯೂ ನಮ್ಮ ಕಣ್ಣಿಗೆ ಬೀಳುವುವು ಕೆಲವೇ. ಎಲುಬಿಗಿಂತ ಹಲ್ಲು ಗಟ್ಟಿಯಾದುದರಿಂದ ಹಲ್ಲುಗಳೂ ದವಡೆಯ ತುಂಡುಗಳೂ ಹೆಚ್ಚಾಗಿ ದೊರೆಯುವುವು. ಇಡಿಯ ಅಸ್ಥಿಪಂಜರ ದೊರೆಯುವುದು ಬಹಳ ಅಪೂರ್ವ.

ಆದುದರಿಂದ ಈ ಶಾಸ್ತ್ರವನ್ನು ಅಭ್ಯಾಸಮಾಡುವವನ ಸ್ಥಿತಿಯು ತ್ರುಟಿತ ಶಾಸನವನ್ನು ಓದುವವನ ಸ್ಥಿತಿಗೆ ಬಹುಮಟ್ಟಿಗೆ ಸಮಾನವಾದುದು. ಕಲ್ಲು ಒಡೆದು ಸಾಲಿನ ಅರ್ಧ ಹೋಗಿದ್ದರೆ ಶಾಸನಜ್ಞನು ಉಳಿದ ಅಕ್ಷರಗಳ ಬಲದಿಂದ ಹೋದುದನ್ನು ಊಹಿಸಿ ತುಂಬುವನು. ಆದರೆ ಹಾಗೆ ತುಂಬಿದ ಭಾಗಕ್ಕೆ ಕಂಸವನ್ನು ಹಾಕುವುದು ಪದ್ಧತಿ. ಕಂಸದೊಳಗಿನದು ಕಲ್ಲಿನ ಮಾತಲ್ಲ, ಓದಿದವನ ಮಾತು ಎಂದು ಎಲ್ಲರಿಗೂ ತಿಳಿಯಲಿ ಎಂಬುದೇ ಅದರ ಉದ್ದೇಶ. ಎಲುಬನ್ನು ಓದುವವರು ಈ ಕಂಸವನ್ನು ಮರೆತಾಗ ಏನಾಗುವುದು, ಅದನ್ನು ತಿದ್ದುವ ಬಗೆ ಯಾವುದು ಎಂಬುದನ್ನು ನಮ್ಮ ದೇಶದ ಶಿವಾಲಿಕ ಬೆಟ್ಟಗಳ ಪಳೆಯುಳಿಕೆಗಳ ವೃತ್ತಾಂತವು ಬಹು ಚೆನ್ನಾಗಿ ತೋರಿಸಿಕೊಡುತ್ತದೆ.

೨

ಹಿಮಾಲಯದ ದಕ್ಷಿಣದ ಅಂಚಿನಲ್ಲಿ, ಮಹಾಪರ್ವತಗಳಿಗೆ ಜಗುಲಿಯನ್ನು ಕಟ್ಟಿದಂತೆ, ಒಂದು ತಗ್ಗು ಬೆಟ್ಟಸಾಲು ಹಬ್ಬಿದೆ. ಇದಕ್ಕೆ ಶಿವಾಲಿಕವೆಂದು ಹೆಸರು. ಈ ಬಗೆಯ ಶಿಲಾಪದರಗಳು ಪಶ್ಚಿಮದಲ್ಲಿ ಪಾಕಿಸ್ತಾನದ ಪೋತ್ವಾರ್ ಪ್ರಸ್ಥಭೂಮಿಯಿಂದ ಮೊದಲಾಗಿ ಜಮ್ಮು, ಹಿಮಾಚಲ, ಹರಿದ್ವಾರದ ಪ್ರಾಂತ, ನೇಪಾಳ ಇವುಗಳ ಮೂಲಕ ಪೂರ್ವಕ್ಕೆ ಸಾಗುತ್ತವೆ. ಹಿಮಾಲಯವು ಏಳುತ್ತಿದ್ದ ಕಾಲದಲ್ಲಿ ಅಲ್ಲಿಂದ ಇಳಿದ ನದಿಗಳು ಹೊತ್ತುತಂದ ಮರಳು, ಜೇಡಿ, ಉರುಟುಗಲ್ಲುಗಳು ಅದರ ಪಾದದಲ್ಲಿ ಪದರಪದರವಾಗಿ ಶೇಖರವಾದುವು. ಈ ಶೇಖರಣೆಯು ಸುಮಾರು ೧ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ಆರಂಭವಾಗಿ, ಹತ್ತು ಲಕ್ಷ ವರ್ಷಗಳಿಗಿಂತ ಈಚಿನವರೆಗೂ ನಡೆಯಿತು. ಪದರಗಳ ಒಟ್ಟು ದಪ್ಪವು ಕೆಲವೆಡೆ ಐದಾರು ಸಾವಿರ ಮೀಟರುಗಳಿಗೆ ಬರುವುದು. ತರುವಾಯ ಪರ್ವತದ ಒತ್ತಡದಿಂದ ಈ ಪದರಗಳೂ ಮಡಿಕೆಬಿದ್ದು ಮೇಲಕ್ಕೆದ್ದು ಬೆಟ್ಟಗಳಾದುವು. ಮಳೆಗಾಲದ ಹಳ್ಳಗಳು ಇವನ್ನು ಕೊರೆದು ಒಳಗಿದ್ದ ಎಲುಬುಗಳನ್ನು ವರ್ಷವರ್ಷವೂ ಹೊರಗೆ ಹಾಕುತ್ತಿರುವುವು.

ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು ಎಂಬುದು ಸಾಮಾನ್ಯ ನಿಯಮ. ಆದರೆ ವರ್ಷಗಳನ್ನು ಎಣಿಸುವುದು ಹೇಗೆ? ಅದಕ್ಕೆ ಎರಡು ಮುಖ್ಯ ಉಪಾಯಗಳಿವೆ. ಪದರಗಳ ನಡುವೆ ಜ್ವಾಲಾಮುಖಿಯ ಬೂದಿ ಸಿಕ್ಕಿದ್ದರೆ ಅದರಲ್ಲಿರುವ ಕೆಲವು ವಿಕಿರಣಶೀಲ ಧಾತುಗಳು ಎಷ್ಟು ಕ್ಷಯಿಸಿವೆಯೆಂದು ಅಳೆದು ವಯಸ್ಸನ್ನು ಹೇಳಬಹುದು. ಎರಡನೆಯದು ಭೂಮಿಯ ಕಾಂತಶಕ್ತಿಯನ್ನು ಅವಲಂಬಿಸಿದೆ. ಭೂಕಾಂತದ ಉತ್ತರ ದಕ್ಷಿಣ ಮುಖಗಳು ಅನೇಕ ಸಲ ಅದಲುಬದಲಾಗಿವೆ. ಕೊನೆಯ ಬದಲಾವಣೆ ನಡೆದು ಸುಮಾರು ೭ ಲಕ್ಷ ೮೦ ಸಾವಿರ ವರ್ಷಗಳಾದುವು. ಹೊಳೆಯ ಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ತಾವು ತಳಕ್ಕೆ ಕುಳಿತ ದಿನದ ಕಾಂತದಿಕ್ಕನ್ನು ಹಾಗೆಯೇ ಕಾದಿಟ್ಟುಕೊಂಡಿರುವುವು. ಪದರಗಳಲ್ಲಿ ಈ ಅದಲುಬದಲಿನ ಅನುಕ್ರಮವನ್ನು ಗುರುತಿಸಿ, ಬೇರೆಡೆಗಳಲ್ಲಿ ವರ್ಷ ನಿರ್ಣಯವಾಗಿರುವ ಅನುಕ್ರಮಕ್ಕೆ ಹೊಂದಿಸಿ ನೋಡಿದರೆ, ಎಲುಬು ಯಾವ ಕಾಲದ್ದೆಂಬುದು ತಿಳಿಯುವುದು. ಆದುದರಿಂದ ಯಾವ ಪದರದಿಂದ ಬಂದಿತೆಂದು ಗೊತ್ತಿಲ್ಲದ ಎಲುಬಿನ ಸಾಕ್ಷ್ಯವು, ಊರೂ ತೇದಿಯೂ ಇಲ್ಲದ ದಾನಪತ್ರದಷ್ಟೇ ದುರ್ಬಲವಾದುದು.

೩

ಶಿವಾಲಿಕದ ಎಲುಬುಗಳ ವಿಷಯವಾಗಿ ಬರೆದವರಲ್ಲಿ ಬಹು ಹಿಂದಿನವನಾದ ಒಬ್ಬ ಚರಿತ್ರಕಾರನು ನಮ್ಮ ವಿಜಾಪುರದಲ್ಲಿದ್ದವನೆಂಬುದು ಕನ್ನಡಿಗರಿಗೆ ಕುತೂಹಲವನ್ನುಂಟುಮಾಡತಕ್ಕ ಸಂಗತಿ. ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ೧೭ನೆಯ ಶತಮಾನದ ಆದಿಯಲ್ಲಿ ಪಾರಸಿ ಭಾಷೆಯಲ್ಲಿ ಹಿಂದುಸ್ಥಾನದ ಚರಿತ್ರೆಯನ್ನು ಬರೆದ ಫೆರಿಸ್ತನು, ದಿಲ್ಲಿಯ ಫಿರೋಜಶಾಹ ತುಘಲಕನು ೧೪ನೆಯ ಶತಮಾನದಲ್ಲಿ ಕಾಲುವೆಗಾಗಿ ಗುಡ್ಡವೊಂದನ್ನು ಅಗೆಯಿಸಿದಾಗ ಆನೆಗಳ ಎಲುಬುಗಳೂ ಮನುಷ್ಯರ ಎಲುಬುಗಳೂ ಸಿಕ್ಕಿದುವೆಂದು ಹೇಳಿದ್ದಾನೆ. ಮನುಷ್ಯನ ಮುಂಗೈಯೆಂದು ತಿಳಿದ ಎಲುಬಿನ ಉದ್ದ ಮೂರು ಗಜವಂತೆ. ಕೆಲವು ಎಲುಬುಗಳು ಕಲ್ಲಾಗಿದ್ದುವಂತೆ. ಮೂರು ಗಜದ ಮುಂಗೈಯುಳ್ಳ ಮನುಷ್ಯರು ಎಂದಾದರೂ ಇದ್ದರೆಂದು ಇಂದು ಯಾರೂ ನಂಬರು. ಆದರೆ ಎಲುಬುಗಳು ಕಲ್ಲಾಗಿದ್ದುವೆಂಬ ಮಾತು ಕಟ್ಟುಕಥೆಯಲ್ಲ. ಕಂಡುದನ್ನು ಕಂಡಂತೆ ಹೇಳಿದ ಮಾತು. ಎಲುಬು ನಿಜವಾದುದು, ಓದಿದ ಬಗೆ ತಪ್ಪು.

ಎರಡು ಶತಮಾನಗಳು ಕಳೆದ ಮೇಲೆ ಈ ಮಾತು ತಕ್ಕವನ ಕಣ್ಣಿಗೆ ಬಿದ್ದಿತು. ಸ್ಕಾಟ್ಲೆಂಡಿನ ಹ್ಯೂ ಫಾಲ್ಕನರ್ (೧೮೦೮–೧೮೬೫) ಎಂಬ ವೈದ್ಯನು ೧೮೩೦ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಗೆ ಬಂದು, ಸಹಾರನಪುರದ ಸಸ್ಯೋದ್ಯಾನಕ್ಕೆ ಅಧಿಕಾರಿಯಾದನು. ಅದೇ ಪ್ರಾಂತದಲ್ಲಿ ಯಮುನೆಯ ಕಾಲುವೆಯ ಕೆಲಸದಲ್ಲಿದ್ದ ಪ್ರೋಬಿ ಕಾಟ್ಲೆ (೧೮೦೨–೧೮೭೧) ಎಂಬ ಇಂಜಿನಿಯರನು ಅವನಿಗೆ ಜೊತೆಯಾದನು. ಮುಂದೆ ೧೮೫೪ರಲ್ಲಿ ನೀರು ಬಿಟ್ಟ ಗಂಗಾ ಕಾಲುವೆಯನ್ನು ಕಟ್ಟಿಸಿದವನು ಇವನೇ. ಬೇಕರ್, ಡ್ಯುರಾಂಡ್ ಎಂಬ ಇನ್ನಿಬ್ಬರು ಇಂಜಿನಿಯರರೂ ಹುಡುಕುವ ಕೆಲಸದಲ್ಲಿ ತೊಡಗಿದರು. ಬೆಟ್ಟದ ಮಡಿಲಲ್ಲಿದ್ದ ನಾಹನ್ ಸಂಸ್ಥಾನದ ರಾಜನು ತನ್ನ ಬಳಿಯಲ್ಲಿದ್ದ ಆನೆಯ ಕಲ್ಲುಹಲ್ಲೊಂದನ್ನು ಕೊಟ್ಟು ಇವರಿಗೆ ದಿಕ್ಕು ತೋರಿಸಿದನು. ೧೮೩೪ರ ಕೊನೆಯಲ್ಲಿ ಫಾಲ್ಕನರನು ಅಲ್ಲಿಗೆ ಹೋಗಿ ಒಂದೇ ದಿನದ ಕೆಲವು ಗಂಟೆಗಳಲ್ಲಿ ಮುನ್ನೂರಕ್ಕೆ ಮೇಲ್ಪಟ್ಟು ಎಲುಬುಗಳನ್ನು ಆರಿಸಿ ತಂದನು.

ಇವರ ಕಷ್ಟವು ಎಲುಬುಗಳನ್ನು ಕೂಡಿಸುವುದರಲ್ಲಿರಲಿಲ್ಲ, ಓದುವುದರಲ್ಲಿದ್ದಿತು. ಹೋಲಿಸಿ ನೋಡಲು ಅಲ್ಲಿ ವಸ್ತುಸಂಗ್ರಹಾಲಯವಿಲ್ಲ, ಗ್ರಂಥಭಂಡಾರವಿಲ್ಲ. ಆದುದರಿಂದ ಅವರು ಸುತ್ತಣ ಕಾಡು ಹೊಳೆಗಳ ಪ್ರಾಣಿಗಳನ್ನು ಬೇಟೆಯಾಡಿ, ಅವುಗಳ ಅಸ್ಥಿಗಳನ್ನು ಶುದ್ಧಮಾಡಿ ಜೋಡಿಸಿಟ್ಟುಕೊಂಡು, ಕಲ್ಲಿನ ಎಲುಬನ್ನು ಹಸಿಯ ಎಲುಬಿನೊಡನೆ ಸರಿನೋಡಿದರು. ತಿಳಿದುದರಿಂದ ತಿಳಿಯದುದನ್ನು ಅಳೆಯುವ ಈ ಸಾದೃಶ್ಯಕ್ರಮವೇ ಇಂದಿಗೂ ಈ ಶಾಸ್ತ್ರದ ತಳಹದಿ. ಲಂಡನ್ನಿನ ಭೂವಿಜ್ಞಾನ ಸಂಘವು ೧೮೩೭ರಲ್ಲಿ ತನ್ನ ವೊಲ್ಲಾಸ್ಟನ್ ಪದಕವನ್ನು ಇಬ್ಬರಿಗೂ ಕೂಡಿಸಿ ಕೊಟ್ಟು ಗೌರವಿಸಿತು.

೪

ಇವರು ಬೆಳಕಿಗೆ ತಂದ ಪ್ರಾಣಿಗಳ ಸಂಖ್ಯೆ ದೊಡ್ಡದು. ಹತ್ತು ಅಡಿಗಳಷ್ಟು ಉದ್ದದ ದಂತಗಳುಳ್ಳ ಗಜವೊಂದಕ್ಕೆ ಗಣೇಶನ ಹೆಸರನ್ನಿಟ್ಟರು. ನೀರ್ಗುದುರೆಗಳೂ ಮೊಸಳೆಗಳೂ ಒಂಟೆಗಳೂ ಮೂರು ಬೆರಳಿನ ಕಾಲಿನ ಕುದುರೆಗಳೂ ಆ ಪದರಗಳಲ್ಲಿ ಕಾಣಬಂದುವು. ಇವೆಲ್ಲಕ್ಕಿಂತ ಹೆಸರಾದುದು ೧೮೩೬ರಲ್ಲಿ ಪ್ರಕಟಿಸಿದ 'ಶಿವಥೇರಿಯಂ', ಎಂದರೆ ಶಿವನ ಮೃಗ. ಅದರ ತಲೆಯ ಮೇಲೆ ಕಣ್ಣುಗಳ ಮೇಲ್ಗಡೆ ಎರಡು ಮೊನಚು ಕೊಂಬುಗಳು, ಹಿಂದೆ ಅಗಲವಾಗಿ ಹರಡಿದ ಇನ್ನೆರಡು ಕೊಂಬುಗಳು. ಮೊದಲು ದೊರೆತುದು ತಲೆಬುರುಡೆ. ಅದರ ಗಾತ್ರವನ್ನೂ ಮೂಗಿನ ಎಲುಬಿನ ರೀತಿಯನ್ನೂ ನೋಡಿ, ಇದು ಮೆಲುಕುಹಾಕುವ ಪ್ರಾಣಿಗಳಿಗೂ ಆನೆ ಖಡ್ಗಮೃಗಗಳಿಗೂ ನಡುವಣ ಕೊಂಡಿಯೆಂದೂ, ಆನೆಯಷ್ಟು ದೊಡ್ಡದೆಂದೂ, ಇದಕ್ಕೆ ಸೊಂಡಿಲಿತ್ತೆಂದೂ ಅವರು ಊಹಿಸಿದರು. ಆ ಕಾಲದ ಚಿತ್ರಗಳಲ್ಲಿ ಈ ಮೃಗವು ಸೊಂಡಿಲಿನೊಡನೆಯೇ ಕಾಣುವುದು.

ತರುವಾಯ ಕಾಲು, ಕುತ್ತಿಗೆ, ದವಡೆಗಳ ಎಲುಬುಗಳು ಹೆಚ್ಚು ಹೆಚ್ಚಾಗಿ ದೊರೆತಂತೆ ಸೊಂಡಿಲು ಬಿದ್ದುಹೋಯಿತು. ಶಿವಥೇರಿಯವು ಆಫ್ರಿಕದ ಜಿರಾಫೆಯ ದಾಯಾದಿ; ಆದರೆ ಕುತ್ತಿಗೆ ಗಿಡ್ಡ, ಮೈ ಭಾರ. ೨೦೧೬ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಲಂಡನ್ನಿನಲ್ಲಿರುವ ಅದೇ ಹಳೆಯ ಎಲುಬುಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ಲೆಕ್ಕಹಾಕಿ, ತೂಕವು ಸುಮಾರು ೧,೨೫೦ ಕಿಲೋಗ್ರಾಂ ಇದ್ದಿರಬೇಕೆಂದರು. ಇದು ನಮ್ಮ ಗಂಡಾನೆಯ ತೂಕದ ಮೂರನೆಯ ಒಂದು ಪಾಲು. ಎಲುಬು ಬದಲಾಗಲಿಲ್ಲ, ಕಂಸದೊಳಗಿನ ಬರಹ ಬದಲಾಯಿತು.

ದೊಡ್ಡ ಆಮೆಯ ಕಥೆಯೂ ಹೀಗೆಯೇ. ಚಿಪ್ಪಿನ ಚೂರುಗಳನ್ನು ಕೂಡಿಸಿ ಫಾಲ್ಕನರ್ ಕಾಟ್ಲೆಯವರು ಅದರ ಉದ್ದ ೧೨ ಅಡಿಗಳಿಗೆ ಮೇಲೆಂದು ಎಣಿಸಿದರು. ಜಗತ್ತನ್ನು ಹೊತ್ತ ಕೂರ್ಮ, ಗರುಡನು ಎತ್ತಿಕೊಂಡು ಹೋದ ಗಜಕಚ್ಛಪಗಳು ಇವೇ ಮೊದಲಾದ ನಮ್ಮ ಪುರಾಣಕಥೆಗಳಿಗೆ ಈ ಆಮೆಯನ್ನು ಜೀವಂತವಾಗಿ ಕಂಡವರ ನೆನಪು ಮೂಲವಾಗಿರಬಹುದೇ ಎಂದೂ ವಿಚಾರಮಾಡಿದರು. ಈಚಿನವರ ಎಣಿಕೆಯಲ್ಲಿ ಚಿಪ್ಪಿನ ಉದ್ದ ಏಳು ಅಡಿಗಳ ಸಮೀಪಕ್ಕೆ ಇಳಿದಿದೆ. ಅಷ್ಟಾದರೂ ಇಂದು ಬದುಕಿರುವ ಯಾವ ನೆಲದಾಮೆಗಿಂತಲೂ ಅದು ದೊಡ್ಡದೇ. ಪುರಾಣದ ಕೂರ್ಮಕ್ಕಾದರೋ ಎಲುಬಿನ ಆಧಾರವೇನೂ ಬೇಕಾಗಿಲ್ಲ. ಅದರ ಅರ್ಥವು ಬೇರೆ. ಇವೆರಡನ್ನೂ ಗಂಟುಹಾಕಿದರೆ ಪುರಾಣಕ್ಕೂ ಶಾಸ್ತ್ರಕ್ಕೂ ಲಾಭವಿಲ್ಲವೆಂದು ತೋರುತ್ತದೆ.

ಇದೇ ಪದರಗಳಲ್ಲಿ ೧೮೩೬–೩೭ರ ಸುಮಾರಿಗೆ ಕಪಿಗಳ ದವಡೆಗಳೂ ದೊರೆತುವು. ೧೮೩೨ರಲ್ಲಿ ತೀರಿಕೊಂಡ ಫ್ರಾನ್ಸಿನ ಮಹಾಪಂಡಿತ ಕುವ್ಯೇಯು, ಕಪಿಗಳಾಗಲಿ ಮನುಷ್ಯನಾಗಲಿ ಶಿಲೀಭೂತ ರೂಪದಲ್ಲಿ ದೊರೆತಿಲ್ಲವೆಂದು ಸಾರಿದ್ದನು. ಅವನು ಸತ್ತು ಐದು ವರ್ಷ ತುಂಬುವಷ್ಟರಲ್ಲಿಯೇ ಭಾರತ, ಫ್ರಾನ್ಸ್, ಬ್ರೆಜಿಲ್ ಮೂರೂ ದೇಶಗಳಿಂದ ಕಪಿಯ ಎಲುಬುಗಳ ವಾರ್ತೆ ಹೊರಬಿದ್ದಿತು. ಕಪಿ ದೊರೆತ ಮೇಲೆ ಮನುಷ್ಯನೂ ದೊರೆಯಬಾರದೇಕೆ ಎಂಬ ಪ್ರಶ್ನೆ ಅಂದಿನಿಂದ ಫಾಲ್ಕನರನ ಮನಸ್ಸನ್ನು ಬಿಡಲಿಲ್ಲ. ಅವನು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ೧೮೫೮ರಲ್ಲಿ ಇಂಗ್ಲೆಂಡಿನ ಬ್ರಿಕ್ಸಹ್ಯಾಂ ಗುಹೆಯ ಅಗೆತಕ್ಕೆ ಪ್ರೇರಕನಾದನು. ನಷ್ಟವಂಶದ ಪ್ರಾಣಿಗಳ ಎಲುಬುಗಳ ಜೊತೆಯಲ್ಲಿಯೇ ಮನುಷ್ಯನು ಕೆತ್ತಿದ ಕಲ್ಲುಗಳು ಅಲ್ಲಿ ಸಿಕ್ಕಿದುದರಿಂದ, ಮಾನವನ ಪ್ರಾಚೀನತೆಯನ್ನು ವಿದ್ವಲ್ಲೋಕವು ಒಪ್ಪುವುದಕ್ಕೆ ದಾರಿಯಾಯಿತು.

೫

ಈಗ ಈ ವೃತ್ತಾಂತದ ಮುಖ್ಯ ಘಟ್ಟಕ್ಕೆ ಬರೋಣ. ೧೯೩೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಎಡ್ವರ್ಡ್ ಲೂಯಿಸನಿಗೆ ಈಗಿನ ಹಿಮಾಚಲದ ಬಿಲಾಸಪುರ ಪ್ರಾಂತದ ಹರಿತಳ್ಯಾಂಗರ ಎಂಬಲ್ಲಿ ಮೇಲ್ದವಡೆಯ ಬಲಭಾಗದ ಒಂದು ತುಂಡು ದೊರೆಯಿತು. ಅದರಲ್ಲಿ ಉಳಿದಿದ್ದುವು ನಾಲ್ಕು ಹಲ್ಲುಗಳು. ಮುಂದಣ ಹಲ್ಲುಗಳೂ ಕೋರೆಹಲ್ಲೂ ಬಿದ್ದುಹೋಗಿ, ಅವುಗಳ ಬೇರಿನ ಗೂಡುಗಳು ಮಾತ್ರ ಇದ್ದುವು. ಗೂಡು ಸಣ್ಣದಾದುದರಿಂದ ಕೋರೆಹಲ್ಲೂ ಸಣ್ಣದೆಂದು ತಿಳಿಯಬೇಕಾಯಿತು. ದೊಡ್ಡ ವಾನರಗಳಿಗೆ ಕೋರೆಹಲ್ಲು ಉದ್ದ, ಮನುಷ್ಯನಿಗೆ ಗಿಡ್ಡ. ಮುಖವೂ ಮುಂದಕ್ಕೆ ಚಾಚಿಕೊಂಡಿರಲಿಲ್ಲವೆಂದು ತೋರಿತು. ಲೂಯಿಸನು ೧೯೩೪ರಲ್ಲಿ ಇದಕ್ಕೆ ರಾಮನ ಹೆಸರನ್ನಿಟ್ಟು 'ರಾಮಪಿಥೆಕಸ್' ಎಂದು ಕರೆದು, ಇದು ಮನುಷ್ಯಕುಲದ ಹತ್ತಿರದ್ದೆಂದು ಸೂಚಿಸಿದನು. ೧೯೧೦ರಲ್ಲಿಯೇ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಪಿಲ್ಗ್ರಿಮನು ಇನ್ನೊಂದು ವಾನರಕ್ಕೆ 'ಶಿವಪಿಥೆಕಸ್' ಎಂಬ ಹೆಸರನ್ನು ಕೊಟ್ಟಿದ್ದನು. ಬ್ರಹ್ಮ, ಸುಗ್ರೀವರ ಹೆಸರಿನ ವಾನರಗಳೂ ಲೂಯಿಸನ ಕೈಯಿಂದಲೇ ಹುಟ್ಟಿದುವು.

ರಾಮಪಿಥೆಕಸಿನ ವಿಷಯದಲ್ಲಿ ಮೊದಲು ವಿದ್ವಾಂಸರು ಉದಾಸೀನರಾಗಿದ್ದರು. ೧೯೩೫ರಲ್ಲಿ ಹರ್ಡ್ಲಿಚ್ಕನೆಂಬ ಹಿರಿಯ ಮಾನವಶಾಸ್ತ್ರಜ್ಞನು ಇದು ಕೇವಲ ವಾನರವೆಂದು ತಳ್ಳಿಹಾಕಿದನು. ಆದರೆ ೧೯೬೧ರಲ್ಲಿ ಯೇಲಿನ ಎಲ್ವಿನ್ ಸೈಮನ್ಸನು ಆ ತುಂಡನ್ನು ಮತ್ತೆ ಕೈಗೆ ತೆಗೆದುಕೊಂಡು, ಇಲ್ಲದ ಎಡಭಾಗವನ್ನು ಬಲಭಾಗದ ಪ್ರತಿಬಿಂಬದಂತೆ ಬರೆದು ತುಂಬಿ, ಹಲ್ಲುಸಾಲು ಮನುಷ್ಯನದರಂತೆ ಬಿಲ್ಲಿನಾಕಾರವಾಗಿದ್ದಿತೆಂದು ತೋರಿಸಿದನು. ಅವನ ಶಿಷ್ಯ ಡೇವಿಡ್ ಪಿಲ್ಬೀಮನೂ ಈ ಪಕ್ಷವನ್ನು ಎತ್ತಿಹಿಡಿದನು. ಕೀನ್ಯಾದ ಫೋರ್ಟ್ ಟರ್ನನ್ ಎಂಬಲ್ಲಿ ಲೂಯಿ ಲೀಕಿಗೆ ದೊರೆತು ೧೯೬೨ರಲ್ಲಿ ಪ್ರಕಟವಾದ ದವಡೆಯನ್ನೂ ಸೈಮನ್ಸನು ಇದರೊಡನೆಯೇ ಸೇರಿಸಿದನು. ಹಲ್ಲಿನ ಹೊರಕವಚ ದಪ್ಪವಾಗಿದ್ದುದರಿಂದ ಇದು ಗಟ್ಟಿಯಾದ ಕಾಳು ಬೀಜಗಳನ್ನು ತಿನ್ನುತ್ತಿದ್ದಿತು. ಕೋರೆಹಲ್ಲು ಸಣ್ಣದಾಗಿದ್ದುದರಿಂದ ಹಲ್ಲಿನ ಕೆಲಸವನ್ನು ಕೈಯಲ್ಲಿ ಹಿಡಿದ ಆಯುಧವು ಮಾಡುತ್ತಿದ್ದಿತು. ಕೈಗೆ ಬಿಡುವಿದ್ದುದರಿಂದ ಇದು ಎರಡು ಕಾಲುಗಳ ಮೇಲೆ ನಡೆಯುತ್ತಿದ್ದಿತು ಎಂದು ಒಂದು ಊಹೆಯ ಮೇಲೆ ಇನ್ನೊಂದು ಊಹೆ ಬೆಳೆಯಿತು. ಕಾಲಿನ ಒಂದು ಎಲುಬಾದರೂ ದೊರೆತಿರಲಿಲ್ಲ; ಸೊಂಟವಿಲ್ಲ, ತಲೆಬುರುಡೆಯಿಲ್ಲ. ಇದ್ದುದೆಲ್ಲ ದವಡೆಯ ಚೂರುಗಳು. ಆದರೂ ೧೯೬೦ರಿಂದ ಮುಂದೆ ಸುಮಾರು ಹದಿನೈದು ವರ್ಷಗಳ ಕಾಲ ಪಠ್ಯಪುಸ್ತಕಗಳಲ್ಲಿ ರಾಮಪಿಥೆಕಸನು ಮಾನವಕುಲದ ಮೂಲಪುರುಷನಾಗಿ ನೆಟ್ಟಗೆ ನಿಂತು ನಡೆಯತೊಡಗಿದನು. ಮನುಷ್ಯವಂಶವು ವಾನರವಂಶದಿಂದ ಒಡೆದು ೧ ಕೋಟಿ ೪೦ ಲಕ್ಷ ವರ್ಷಗಳಿಗೂ ಹೆಚ್ಚಾಯಿತೆಂದೂ, ಅದರ ತೊಟ್ಟಿಲುಗಳಲ್ಲಿ ಭಾರತವೂ ಒಂದೆಂದೂ ಭಾವಿಸಲವಕಾಶವಾಯಿತು. ನಮ್ಮ ದೇಶದ ಓದುಗರಿಗೆ ಈ ಮಾತು ಇಂಪಾಗಿ ಕೇಳಿಸಿದುದು ಸಹಜವೇ.

೬

ಮೊದಲ ಆಕ್ಷೇಪವು ಎಲುಬಿನಿಂದ ಬರಲಿಲ್ಲ, ರಕ್ತದಿಂದ ಬಂದಿತು. ೧೯೬೭ರಲ್ಲಿ ಕ್ಯಾಲಿಫೋರ್ನಿಯದ ವಿನ್ಸೆಂಟ್ ಸಾರಿಚ್, ಅಲನ್ ವಿಲ್ಸನ್ ಎಂಬಿಬ್ಬರು ಮನುಷ್ಯ, ಚಿಂಪಾಂಜಿ, ಗೊರಿಲ್ಲ ಮುಂತಾದುವುಗಳ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಸತ್ತ್ವದ ವ್ಯತ್ಯಾಸವನ್ನು ಅಳೆದು, ಮನುಷ್ಯನೂ ಆಫ್ರಿಕದ ವಾನರಗಳೂ ಬೇರೆಯಾಗಿ ಸುಮಾರು ೫೦ ಲಕ್ಷ ವರ್ಷಗಳಾದುವೆಂದು ಲೆಕ್ಕಹಾಕಿದರು. ಇದು ನಿಜವಾದರೆ ಅದಕ್ಕೆ ಎರಡು ಪಾಲು ಹಳೆಯದಾದ ರಾಮಪಿಥೆಕಸನು ಮನುಷ್ಯಕುಲದವನಾಗುವುದು ಶಕ್ಯವಿಲ್ಲ. ಎಲುಬಿನ ಪಂಡಿತರು ಈ ಲೆಕ್ಕವನ್ನು ಬಹುಕಾಲ ನಂಬಲಿಲ್ಲ.

ಆಮೇಲೆ ಎಲುಬುಗಳೇ ಮಾತನಾಡತೊಡಗಿದುವು. ೧೯೭೩ರಲ್ಲಿ ಆಲನ್ ವಾಕರ್, ಪೀಟರ್ ಆಂಡ್ರೂಸ್ ಎಂಬವರು ಫೋರ್ಟ್ ಟರ್ನನ್ನಿನ ದವಡೆಯನ್ನು ಜೋಡಿಸಿ ನೋಡಿದಾಗ, ಹಲ್ಲುಸಾಲು ಬಿಲ್ಲಿನಂತೆ ಬಾಗದೆ ಎರಡು ಕಡೆಯೂ ನೇರವಾಗಿ ಸಾಗಿದ್ದಿತು. ಇತ್ತ ಪಿಲ್ಬೀಮನು ಪಾಕಿಸ್ತಾನದ ಭೂವಿಜ್ಞಾನಿಗಳೊಡನೆ ಸೇರಿ ಪೋತ್ವಾರಿನಲ್ಲಿ ಹುಡುಕುತ್ತಿದ್ದನು. ೧೯೭೬ರಲ್ಲಿ ಅವರಿಗೆ ಎರಡು ಪಾರ್ಶ್ವಗಳೂ ಇದ್ದ ಕೆಳದವಡೆ ಸಿಕ್ಕಿತು, ಅದರಲ್ಲಿಯೂ ಬಿಲ್ಲಿಲ್ಲ. ಕೊನೆಗೆ ಅದೇ ಪ್ರಸ್ಥಭೂಮಿಯಲ್ಲಿ ಶಿವಪಿಥೆಕಸಿನ ಮುಖದ ಬಹುಭಾಗವು ದವಡೆಯೊಡನೆ ದೊರೆತು, ೧೯೮೨ರಲ್ಲಿ ಪ್ರಕಟವಾಯಿತು. ಎತ್ತರವಾದ ಮೊಟ್ಟೆಯಾಕಾರದ ಕಣ್ಣುಗೂಡುಗಳು, ಅವುಗಳ ನಡುವೆ ಬಹು ಇಕ್ಕಟ್ಟಾದ ಎಡೆ, ಒಳಕ್ಕೆ ತಗ್ಗಿದ ಮುಖ, ಮೂಗಿನ ತಳದಿಂದ ಅಂಗಳಿನವರೆಗೆ ನುಣುಪಾಗಿ ಇಳಿದ ಎಲುಬು, ಇವೆಲ್ಲ ಬೋರ್ನಿಯೊ ಸುಮಾತ್ರ ದ್ವೀಪಗಳಲ್ಲಿ ಇಂದಿಗೂ ಇರುವ ಒರಾಂಗುಟಾನನ ಮುಖಲಕ್ಷಣಗಳು. ರಾಮಪಿಥೆಕಸೆಂದು ಕರೆದುದು ಶಿವಪಿಥೆಕಸಿನಿಂದ ಬೇರೆ ಜಾತಿಯಲ್ಲವೆಂದೂ, ಅದರ ಸಣ್ಣ ಕೋರೆಹಲ್ಲು ಹೆಣ್ಣುಪ್ರಾಣಿಯದಾಗಿರಬಹುದೆಂದೂ ಅಭಿಪ್ರಾಯವಾಗಿ, ರಾಮನ ಹೆಸರು ಶಿವನ ಹೆಸರಿನಲ್ಲಿ ಐಕ್ಯವಾಯಿತು. ಈ ಬದಲಾವಣೆಯನ್ನು ಮುಂದಾಗಿ ಒಪ್ಪಿದವನು ಹಿಂದೆ ಎದುರು ಪಕ್ಷವನ್ನು ಎತ್ತಿಹಿಡಿದಿದ್ದ ಪಿಲ್ಬೀಮನೇ ಎಂಬುದನ್ನು ಇಲ್ಲಿ ವಿಶೇಷವಾಗಿ ಸ್ಮರಿಸತಕ್ಕದ್ದು. ತನ್ನ ಸಿದ್ಧಾಂತವನ್ನು ಮುರಿಯಬಲ್ಲ ಎಲುಬನ್ನು ತಾನೇ ಹುಡುಕಿ ಹೊರಗೆ ತಂದು ಲೋಕದ ಮುಂದಿಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಅಲ್ಲಿಗೂ ಕಥೆ ಮುಗಿಯಲಿಲ್ಲ. ೧೯೯೦ರಲ್ಲಿ ಪ್ರಕಟವಾದ ಶಿವಪಿಥೆಕಸಿನ ಮೇಲ್ದೋಳಿನ ಎರಡು ಎಲುಬುಗಳು ಒರಾಂಗುಟಾನನ ತೋಳನ್ನು ಹೋಲಲಿಲ್ಲ. ಮುಖವು ಒಂದು ಬಂಧುತ್ವವನ್ನು ಹೇಳಿದರೆ ತೋಳು ಅದಕ್ಕೆ ಒಡಂಬಡಲಿಲ್ಲ. ಆದುದರಿಂದ ಶಿವಪಿಥೆಕಸನು ಒರಾಂಗುಟಾನನಿಗೆ ನೇರವಾದ ಪೂರ್ವಜನೇ, ದಾಯಾದಿಯೇ ಎಂಬ ಚರ್ಚೆ ಮತ್ತೆ ತೆರೆಯಿತು. ಸುಮಾರು ೧ ಕೋಟಿ ೨೫ ಲಕ್ಷ ವರ್ಷಗಳ ಹಿಂದಿನಿಂದ ೮೫ ಲಕ್ಷ ವರ್ಷಗಳ ಹಿಂದಿನವರೆಗೆ ಈ ವಾನರಗಳು ಶಿವಾಲಿಕದ ಕಾಡುಗಳಲ್ಲಿ ಬಾಳಿ, ಆಮೇಲೆ ಅಲ್ಲಿಂದ ಕಾಣೆಯಾದುವು. ಅದೇ ಪದರಗಳ ಹಳೆಯ ಮಣ್ಣಿನಲ್ಲಿರುವ ಸುಣ್ಣದ ಗಂಟುಗಳನ್ನು ಪರೀಕ್ಷಿಸಿದವರು, ೮೦ ಲಕ್ಷದಿಂದ ೭೦ ಲಕ್ಷ ವರ್ಷಗಳ ಹಿಂದೆ ಅಲ್ಲಿ ಮರಗಾಡು ಕ್ಷೀಣಿಸಿ ಹುಲ್ಲುಗಾವಲು ಹಬ್ಬಿತೆಂದು ತೋರಿಸಿದ್ದಾರೆ. ಹಣ್ಣಿನ ಮರಗಳನ್ನು ನೆಚ್ಚಿದ್ದ ವಾನರಕ್ಕೆ ಅಂತಹ ನೆಲ ಒಗ್ಗದೆ ಹೋದುದು ಆಶ್ಚರ್ಯವಲ್ಲ.

ಮನುಷ್ಯಕುಲದ ಮೊದಲ ಹೆಜ್ಜೆಗಳಾದರೋ ಆಫ್ರಿಕದಲ್ಲಿ ಕಾಣಬಂದಿವೆ. ೧೯೭೪ರಲ್ಲಿ ಇಥಿಯೋಪಿಯದ ಹಡಾರಿನಲ್ಲಿ ದೊರೆತ 'ಲೂಸಿ' ಎಂಬ ಹೆಸರಿನ ಅಸ್ಥಿಪಂಜರವು ಸುಮಾರು ೩೨ ಲಕ್ಷ ವರ್ಷಗಳದು. ಟಾನ್ಜಾನಿಯದ ಲೇಟೋಲಿಯಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ಅಚ್ಚೊತ್ತಿದ ಕಾಲ್ಹೆಜ್ಜೆಗಳಿಗೆ ಸುಮಾರು ೩೬ ಲಕ್ಷ ವರ್ಷಗಳಾಗಿವೆ. ಇಲ್ಲಿ ಊಹೆಗೆ ಎಡೆ ಕಡಿಮೆ. ಸೊಂಟದ ಎಲುಬು, ಮೊಣಕಾಲು, ಪಾದದ ಗುರುತು ಎಲ್ಲವೂ ಎರಡು ಕಾಲಿನ ನಡಿಗೆಯನ್ನು ಸಾರಿ ಹೇಳುತ್ತವೆ. ಆ ಕಾಲದಲ್ಲಿ ಮೆದುಳು ನಮ್ಮದರ ಮೂರನೆಯ ಒಂದು ಪಾಲಿನಷ್ಟೇ ಇದ್ದಿತು. ಮನುಷ್ಯನು ಮೊದಲು ನಡೆದನು. ಯೋಚನೆ ಮಾಡುವಷ್ಟು ಮೆದುಳು ಬೆಳೆದುದು ಬಹುಕಾಲದ ಮೇಲೆ.

೭

ಹಾಗಾದರೆ ಭಾರತದ ನೆಲವು ಮಾನವನ ಪುರಾತನ ಚರಿತ್ರೆಗೆ ಏನನ್ನೂ ಕೊಡಲಿಲ್ಲವೇ? ಕೊಟ್ಟಿದೆ, ಆದರೆ ಅದು ಮೂಲಪುರುಷನ ಕಾಲದ್ದಲ್ಲ, ಬಹಳ ಈಚಿನದು. ೧೯೮೨ರ ಡಿಸೆಂಬರಿನಲ್ಲಿ, ಎಂದರೆ ರಾಮಪಿಥೆಕಸನು ಪದಚ್ಯುತನಾದ ವರ್ಷದಲ್ಲಿಯೇ, ಮಧ್ಯಪ್ರದೇಶದಲ್ಲಿ ನರ್ಮದೆಯ ದಡದ ಹಥ್ನೋರ ಎಂಬ ಹಳ್ಳಿಯ ಬಳಿ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಅರುಣ್ ಸೊನಾಕಿಯಾ ಅವರಿಗೆ ತಲೆಬುರುಡೆಯ ಬಲಭಾಗ ದೊರೆಯಿತು. ಅವರು ಮೊದಲು ಅದನ್ನು 'ಹೋಮೋ ಇರೆಕ್ಟಸ್' ಎಂಬ ಪ್ರಾಚೀನ ಮಾನವಜಾತಿಗೆ ಸೇರಿಸಿದರು. ೧೯೯೧ರಲ್ಲಿ ಕೆನೆತ್ ಕೆನಡಿ ಮುಂತಾದವರೊಡನೆ ಕೂಡಿ ಮತ್ತೆ ಪರೀಕ್ಷಿಸಿ, ಅದು ನಮ್ಮ ಜಾತಿಗೆ ಹೆಚ್ಚು ಹತ್ತಿರದ ಪ್ರಾಚೀನ ರೂಪವೆಂದು ಹೇಳಿದರು. ಹೊಳೆಯ ಗುಂಡುಕಲ್ಲುಗಳ ನಡುವೆ ದೊರೆತ ಎಲುಬಾದುದರಿಂದ ಅದರ ವಯಸ್ಸಿನ ವಿಷಯದಲ್ಲಿ ವಿದ್ವಾಂಸರು ಒಂದೇ ಮಾತನ್ನು ಹೇಳುತ್ತಿಲ್ಲ.

ಇನ್ನು ನಮ್ಮ ಕರ್ನಾಟಕದಲ್ಲಿ ಇದಕ್ಕೆ ವಿಪರೀತವಾದ ಸ್ಥಿತಿ. ಸುರಪುರ ಪ್ರಾಂತದ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ೧೯೯೦ರ ದಶಕದ ಕೊನೆಯಲ್ಲಿ ಅಗೆಯಿಸಿದಾಗ, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಜಾಗವೇ ಹೊರಬಿದ್ದಿತು. ಅಲ್ಲಿ ಸಿಕ್ಕಿದ ದನದ ಜಾತಿಯ ಹಲ್ಲುಗಳ ಹೊರಕವಚವನ್ನು ಪರೀಕ್ಷಿಸಿ, ಅವುಗಳ ವಯಸ್ಸು ಸುಮಾರು ೧೨ ಲಕ್ಷ ವರ್ಷಗಳೆಂದು ೨೦೦೨ರಲ್ಲಿ ಪ್ರಕಟಿಸಿದರು. ಮನೆಯಿದೆ, 'ಕೆಲಸ'ದ ಸಾಮಾನಿದೆ, ಉಂಡ ಪ್ರಾಣಿಯ ಹಲ್ಲಿದೆ; ಮನೆಯೊಡೆಯನ ಎಲುಬು ಇಲ್ಲ. ಕೈಗೊಡಲಿ ಹಿಡಿದ ಕೈ ಹೇಗಿತ್ತೆಂಬ ಸ್ಥಳದಲ್ಲಿ ನಾವು ಸದ್ಯಕ್ಕೆ ಕಂಸವನ್ನು ಹಾಕಿ, ಒಳಗೆ ಬರಿದು ಬಿಡಬೇಕು. ಬರಿದಾಗಿ ಬಿಡುವುದೂ ವಿದ್ವತ್ತಿನ ಒಂದು ಲಕ್ಷಣವೇ.

ಇಷ್ಟೆಲ್ಲ ತಿದ್ದುಪಡಿಗಳನ್ನು ಕೇಳಿದವರು, ಇಂದು ಒಂದು ನಾಳೆ ಒಂದು ಹೇಳುವ ಈ ಶಾಸ್ತ್ರವನ್ನು ನಂಬುವುದು ಹೇಗೆ ಎಂದು ಕೇಳಬಹುದು. ನನಗೆ ತೋರುವ ಮಟ್ಟಿಗೆ ನಂಬಿಕೆಗೆ ಆಧಾರವಾದುದು ಈ ತಿದ್ದುಪಡಿಯೇ. ಒಂದು ದವಡೆಯ ತುಂಡಿನ ಮೇಲೆ ಕಟ್ಟಿದ ಮಾತನ್ನು ಇನ್ನೊಂದು ದವಡೆ ಕೆಡವಿತು. ಕೆಡವಿದಾಗ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಸೊಂಡಿಲು, ಹನ್ನೆರಡು ಅಡಿಯ ಚಿಪ್ಪು, ಬಿಲ್ಲಿನಾಕಾರದ ಹಲ್ಲುಸಾಲು ಇವು ಮೂರೂ ಇಲ್ಲದುದನ್ನು ತುಂಬಿದ ಭಾಗದಲ್ಲಿಯೇ ಇದ್ದುವು. ಇದ್ದ ಭಾಗವು ಇಂದಿಗೂ ಸುಳ್ಳಾಗಿಲ್ಲ. ಶಿವಾಲಿಕದಲ್ಲಿ ಜಿರಾಫೆಯ ದಾಯಾದಿ ಮೇಯುತ್ತಿದ್ದುದು ನಿಜ. ಒರಾಂಗುಟಾನನ ಮುಖದ ವಾನರವು ಮರದಿಂದ ಮರಕ್ಕೆ ಹೋಗುತ್ತಿದ್ದುದು ನಿಜ. ಅವು ಹೋದ ಮೇಲೆ ಹುಲ್ಲು ಹಬ್ಬಿದುದು ನಿಜ. ನಮ್ಮ ನೆಲದಲ್ಲಿ ಮೂಲಪುರುಷನು ಹುಟ್ಟಲಿಲ್ಲವೆಂದು ತಿಳಿದುದರಿಂದ ನಮಗೇನೂ ಕೊರತೆಯಾಗಿಲ್ಲ. ಇಲ್ಲದ ಪೂರ್ವಜನನ್ನು ಪೂಜಿಸುವುದಕ್ಕಿಂತ ಇದ್ದ ಪ್ರಾಣಿಯನ್ನು ಸರಿಯಾಗಿ ಅರಿಯುವುದು ಮೇಲು.

ಈ ಕೆಲಸದಲ್ಲಿ ಗೃಹಸ್ಥರಾದವರಿಗೂ ಒಂದು ಪಾಲಿದೆ. ಹೊಳೆಯ ದಂಡೆಯಲ್ಲಿಯೋ ಬಾವಿ ತೋಡುವಾಗಲೋ ಕಲ್ಲಾದ ಎಲುಬು, ಹಲ್ಲು, ಕೆತ್ತಿದ ಕಲ್ಲು ಕಂಡರೆ ಅದನ್ನು ಕಿತ್ತು ಮನೆಗೆ ತಂದು ಗೂಡಿನಲ್ಲಿಡಬಾರದು. ಇದ್ದಲ್ಲಿಯೇ ಬಿಟ್ಟು, ಸ್ಥಳವನ್ನೂ ಎಷ್ಟು ಆಳದಲ್ಲಿ ಯಾವ ಬಣ್ಣದ ಮಣ್ಣಿನಲ್ಲಿತ್ತೆಂಬುದನ್ನೂ ಬರೆದುಕೊಂಡು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಶಿವಾಲಿಕದಿಂದ ಪೆಟ್ಟಿಗೆಗಟ್ಟಲೆ ಹೋದ ಎಲುಬುಗಳಲ್ಲಿ ಅನೇಕವು ಯಾವ ಪದರದವೆಂಬುದು ಇಂದು ತಿಳಿಯುವಂತಿಲ್ಲ. ಅಷ್ಟರ ಮಟ್ಟಿಗೆ ಅವು ಮೂಕವಾಗಿವೆ. ನಮ್ಮ ಊರಿನ ಹಳ್ಳದಲ್ಲಿ ನಾಳೆ ಹೊರಬೀಳಬಹುದಾದ ಎಲುಬಿಗೆ ಆ ಗತಿ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.